ಕೆರೆ, ಸೆರೆ

ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಒಂದು ಮಧ್ಯಾಹ್ನ ‘ಕೆರೆಗೆ ಹಾರ’ ಕಥನಗೀತೆಯನ್ನು ಹಾಡಿಸಿದ್ದರು. ಹಾಡಿದಾಕೆ ಚೆನ್ನಾಗಿಯೇ ಹಾಡಿದರು. ನೀರು ಭಾಗೀರಥಿಯ ಎದೆಮಟ್ಟಕ್ಕೆ ಬರುವ ಹೊತ್ತಿಗೆ ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಅತಿಥಿಗಳ ಭಾಷಣ. ಅವರು ಮುಖ್ಯವಾಗಿ ಎರಡು ಮಾತು ಹೇಳಿದರು. ಒಂದು, ನೆಲವನ್ನು ಕೆರೆದು ಮಾಡಿದ್ದರಿಂದ ಅದಕ್ಕೆ ಕೆರೆ ಎಂದು ಹೆಸರು. ಎರಡು, ಭಾಗೀರಥಿ ಊರಿಗಾಗಿ ಪ್ರಾಣವನ್ನೇ ತ್ಯಾಗ ಮಾಡಿದವಳು, ನಮಗೆಲ್ಲ ಆದರ್ಶ. ಚಪ್ಪಾಳೆ ಬಿತ್ತು. ಅವಲಕ್ಕಿ, ಕಾಫಿ ಬಂತು.

ಎರಡನೆಯ ಮಾತಿನ ಮೇಲೆ ನನಗೆ ಸಿಟ್ಟು ಬಂದಿತ್ತು. ಮೊದಲನೆಯದು ಹೋಗಲಿ ಬಿಡು, ಯಾವುದೋ ವ್ಯಾಕರಣದ ಮಾತು ಎಂದು ಸುಮ್ಮನಾಗಿದ್ದೆ. ಆದರೆ ಮನೆಗೆ ಬಂದು ಅಕ್ಕಿ ಆರಿಸುತ್ತ ಕುಳಿತಾಗ ಚುಚ್ಚತೊಡಗಿದ್ದು ಮೊದಲನೆಯದೇ. ಅದು ತಪ್ಪು ಎಂದು ನನಗೆ ಮೂವತ್ತು ವರ್ಷದ ಹಿಂದೆಯೇ ನಮ್ಮತ್ತೆ ಹೇಳಿಕೊಟ್ಟಿದ್ದರು.

ನನ್ನ ತವರು ಗುಬ್ಬಿ. ಕೊಟ್ಟ ಮನೆ ಕುಣಿಗಲ್ ಕಡೆ. ಸಂಸಾರ ನಡೆಸಿದ್ದೆಲ್ಲ ತುಮಕೂರಿನಲ್ಲಿ. ಮದುವೆಯಾದ ಹೊಸದರಲ್ಲಿ ಅತ್ತೆಯವರ ಜೊತೆ ಕುಣಿಗಲ್ ಕೆರೆಯ ಏರಿಯ ಮೇಲೆ ನಡೆದುಹೋಗುತ್ತಿದ್ದಾಗ, ಅಷ್ಟು ನೀರು ನೋಡಿ, “ಇಷ್ಟು ದೊಡ್ಡ ಕೆರೆ ತೋಡಿಸಿದ್ದು ಯಾರು ಅತ್ತೆ?” ಎಂದು ಕೇಳಿಬಿಟ್ಟೆ. ಅವರು ನಿಂತು ನನ್ನ ಮುಖ ನೋಡಿದರು. “ಗುಬ್ಬೀಲಿ ಕೆರೆ ತೋಡಿಸ್ತಾರೇನಮ್ಮ? ನಮ್ಮ ಕಡೆ ತೋಡಿಸೋದು ಬಾವಿ. ಕೆರೆ ಕಟ್ಟಿಸ್ತಾರೆ ಕಣೆ” ಎಂದರು. ತವರಿನ ಮಾನ ಹೋದಂತಾಗಿ ನಾನು ಬಾಯಿ ಮುಚ್ಚಿಕೊಂಡೆ.

ಅತ್ತೆಯವರು ಶಾಲೆ ಕಂಡವರಲ್ಲ. ಆದರೂ ಆ ಒಂದು ಮಾತಿನಲ್ಲಿ ಅವರು ಆ ದಿನದ ಅತಿಥಿಗಳಿಗಿಂತ ಸರಿಯಾಗಿದ್ದರು. ನಮ್ಮ ಸೀಮೆಯ ಕೆರೆಯನ್ನು ಒಮ್ಮೆ ಕಣ್ಣಾರೆ ನೋಡಿ. ಮೂರು ಕಡೆ ನೆಲ ತಾನಾಗಿಯೇ ಎತ್ತರ. ತಗ್ಗಾದ ನಾಲ್ಕನೆಯ ಕಡೆಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿದರೆ ಹರಿದುಹೋಗುವ ನೀರು ನಿಲ್ಲುತ್ತದೆ. ಹೆಚ್ಚಾದದ್ದು ಕೋಡಿಯಲ್ಲಿ ಬಿದ್ದು ಕೆಳಗಿನ ಕೆರೆಗೆ ಹೋಗುತ್ತದೆ, ಬೇಕಾದದ್ದನ್ನು ತೂಬು ಎತ್ತಿ ಗದ್ದೆಗೆ ಬಿಡುತ್ತಾರೆ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷೆಯನ್ನೇ ತೆಗೆದುಕೊಳ್ಳಿ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಒಂದು ದೊಡ್ಡ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಜಲಾಶಯ, ಹೀಗೆ ಅವಳನ್ನು ದಾರಿಯುದ್ದಕ್ಕೂ ತಡೆದು ನಿಲ್ಲಿಸಿಕೊಂಡಿದ್ದೇವೆ. ಅಗೆಯುವುದು ಇಲ್ಲವೆಂದಲ್ಲ, ಏರಿಗೆ ಮಣ್ಣು ಬೇಕು, ಹೂಳು ತೆಗೆಯಬೇಕು. ಆದರೆ ಕೆರೆಯನ್ನು ಕೆರೆ ಮಾಡುವುದು ಗುಂಡಿಯಲ್ಲ, ಏರಿ. ಏರಿ ಒಡೆದರೆ ಗುಂಡಿ ಎಷ್ಟು ಆಳವಿದ್ದರೇನು?

ಇದು ನೆಲ ಹೇಳುವ ಮಾತು. ಪದ ಏನು ಹೇಳುತ್ತದೆ?

ಹಳಗನ್ನಡದಲ್ಲಿ ಈ ಪದವನ್ನು ಬರೆಯುತ್ತಿದ್ದದ್ದು ಕೆಱೆ ಎಂದು. ಆ ಱ, ಶಕಟರೇಫ, ಈಗ ನಮ್ಮ ವರ್ಣಮಾಲೆಯಿಂದ ಹೊರಟುಹೋಗಿದೆ. ಗಟ್ಟಿಯಾಗಿ ಉಚ್ಚರಿಸುವ ಬೇರೆಯದೇ ರಕಾರ ಅದು. ನಮ್ಮಲ್ಲಿ ಎರಡು ರಕಾರಗಳೂ ಒಂದಾದ ಮೇಲೆ ಕೆರೆಯುವ ಕೆರೆ, ನೀರಿನ ಕೆರೆ ಎರಡೂ ಒಂದೇ ಥರ ಕಾಣತೊಡಗಿದವು. ಕಂಡಮೇಲೆ ನಂಟು ಕಟ್ಟುವುದು ಎಷ್ಟು ಹೊತ್ತಿನ ಕೆಲಸ! ಆದರೆ ತಮಿಳರು ಎರಡು ರಕಾರಗಳನ್ನೂ ಇವತ್ತಿಗೂ ಬಿಟ್ಟಿಲ್ಲ. ಅವರ ಮನೆಯಲ್ಲಿ ಹುಡುಕಿದರೆ ಬೇರೆ ಬೇರೆ ಎರಡು ಪದ ಸಿಗುತ್ತವೆ. ಸಾಮಾನ್ಯ ರಕಾರದ ಚಿರೈ ಎಂದರೆ ಕ್ಷೌರ ಮಾಡುವುದು, ಕೆರೆಯುವುದು. ಶಕಟರೇಫದ ಚಿಱೈ ಎಂದರೆ ತಡೆ, ಅಣೆ, ಕಟ್ಟಿ ನಿಲ್ಲಿಸಿದ ನೀರು. ನಮ್ಮ ಕೆರೆಯ ಒಡಹುಟ್ಟು ಈ ಎರಡನೆಯದು.

‘ಕ’ ಎಲ್ಲಿ ‘ಚ’ ಎಲ್ಲಿ ಎಂದು ಕೇಳಬಹುದು. ಇದು ಅಕ್ಕತಂಗಿಯರ ಮನೆಗಳ ಹಳೆಯ ರೂಢಿ. ಇಕಾರ, ಎಕಾರಗಳ ಮುಂದೆ ಕನ್ನಡ ‘ಕ’ವನ್ನು ಹಾಗೇ ಇಟ್ಟುಕೊಂಡಿತು, ತಮಿಳು, ತೆಲುಗು ಬಹಳ ಕಡೆ ಅದನ್ನು ‘ಚ’ ಮಾಡಿಕೊಂಡವು. ನಮ್ಮ ಕಿವಿ ಅವರಿಬ್ಬರಿಗೂ ಚೆವಿ. ನಮ್ಮ ಕಿರು ಅವರ ಚಿಱು. ನಮ್ಮ ಕೇರಿ ತಮಿಳಿನ ಚೇರಿ. ಪುದುಚ್ಚೇರಿ ಎಂದರೆ ಹೊಸ ಕೇರಿ, ಅಷ್ಟೆ. ಹಾಗೆಯೇ ನಮ್ಮ ಕೆರೆ ಮಲಯಾಳದ ಚಿಱ, ತೆಲುಗಿನ ಚೆರುವು. ನಮ್ಮದೇ ಜಿಲ್ಲೆಯ ಪಾವಗಡದ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ನಮ್ಮ ಕೆರೆ ಚೆರುವು ಆಗುವುದನ್ನು ಯಾರು ಬೇಕಾದರೂ ಕೇಳಬಹುದು. 1856ರಲ್ಲಿ ಕಾಲ್ಡ್ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದರು, 1894ರಲ್ಲಿ ಮಂಗಳೂರಿನಲ್ಲಿ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು, 1961ರಲ್ಲಿ ಬರೋ ಮತ್ತು ಎಮಿನೋ ಅವರ ದ್ರಾವಿಡ ಪದಮೂಲ ನಿಘಂಟು ಬಂತು. ಇವೆಲ್ಲ ಕಪಾಟಿನಲ್ಲಿ ಕುಳಿತಿರುವಾಗಲೂ ‘ಕೆರೆದದ್ದು ಕೆರೆ’ ಎಂದು ವೇದಿಕೆಯ ಮೇಲೆ ನಿಂತು ಹೇಳುವ ಧೈರ್ಯಕ್ಕೆ ಏನೆನ್ನಬೇಕು?

ಆದರೆ ನಾನು ಹೇಳಹೊರಟದ್ದು ಇನ್ನೂ ಮುಂದಿದೆ. ಆ ತಮಿಳಿನ ಚಿಱೈ ಇದೆಯಲ್ಲ, ಅದಕ್ಕೆ ಅಣೆ, ಕೆರೆ ಎನ್ನುವುದಕ್ಕಿಂತ ಬಳಕೆಯಲ್ಲಿ ಮುಂದಿರುವ ಅರ್ಥ ಇನ್ನೊಂದಿದೆ. ಬಂಧನ. ತಮಿಳಿನಲ್ಲಿ ಜೈಲಿಗೆ ಚಿಱೈ ಎನ್ನುತ್ತಾರೆ. ತೆಲುಗಿನಲ್ಲಿ ಚೆರ. ಕನ್ನಡದಲ್ಲಿ ಸೆರೆ.

ಕೆರೆ ಮತ್ತು ಸೆರೆ ಒಂದೇ ಪದ. ಬರೋ-ಎಮಿನೋ ನಿಘಂಟು ಎರಡನ್ನೂ ಒಂದೇ ಮೂಲದ ಕೆಳಗೆ ಇಟ್ಟಿದೆ. ಹರಿಯುವುದನ್ನು ತಡೆದು ಹಿಡಿ ಎನ್ನುವುದು ಎರಡರ ಹೊಟ್ಟೆಯಲ್ಲೂ ಇರುವ ಅರ್ಥ. ನೀರನ್ನು ಹಿಡಿದರೆ ಕೆರೆ, ಜೀವವನ್ನು ಹಿಡಿದರೆ ಸೆರೆ. ಕನ್ನಡಕ್ಕೆ ‘ಕ’ಕಾರದ ರೂಪ ತವರಿನಿಂದ ಬಂದದ್ದು, ‘ಸ’ಕಾರದ್ದು ನೆರೆಮನೆಯಿಂದ ಬಂದದ್ದು ಎಂದು ನನ್ನ ಎಣಿಕೆ. ಬಂದು ಬಹಳ ಕಾಲವಾಗಿದೆ, ಹಳಗನ್ನಡದಲ್ಲೇ ಅದು ಮನೆಯವಳಂತೆ ಓಡಾಡಿಕೊಂಡಿದೆ. (ದುಃಖದಲ್ಲಿ ‘ಕೊರಳ ಸೆರೆ ಉಬ್ಬಿ ಬಂತು’ ಎನ್ನುತ್ತೇವಲ್ಲ, ಆ ಸೆರೆಯನ್ನು ಇಲ್ಲಿಗೆ ಎಳೆಯಬೇಡಿ. ಅದು ಸಂಸ್ಕೃತದ ಸಿರಾ, ನರ. ನಾನೂ ಕೆರೆದದ್ದು ಕೆರೆ ಎನ್ನುವವರ ಸಾಲಿಗೆ ಸೇರಬಾರದಲ್ಲ.)

ಇದನ್ನು ಓದಿ ತಿಳಿದ ದಿನ ನನಗೆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಇಂಥ ಪದಗಳು ನಮ್ಮಲ್ಲಿ ಮಾತ್ರವೇ ಇವೆಯೇ ಎಂದು ಯೋಚಿಸುತ್ತಿರುವಾಗ ಅಕ್ಕನ ಮೊಮ್ಮಗಳು ಫೋನ್ ಮಾಡಿದಳು. ಉತ್ತರ ಜರ್ಮನಿಯ ಒಂದು ಊರಿನಲ್ಲಿ ಓದುತ್ತಿದ್ದಾಳೆ. ಸಮುದ್ರ ಊರೊಳಗೆ ನುಗ್ಗದಂತೆ ಅಲ್ಲಿ ಮೈಲುಗಟ್ಟಲೆ ಏರಿ ಹಾಕಿದ್ದಾರಂತೆ, ಸಂಜೆ ಅದರ ಮೇಲೆ ನಡೆಯಲು ಹೋಗುತ್ತಾಳಂತೆ. “ಅದಕ್ಕೆ ಡೈಖ್ ಅಂತಾರೆ ಅಜ್ಜಿ. ನಮ್ಮ ಹಾಸ್ಟೆಲಿನ ಹಿಂದೆ ಒಂದು ಕೊಳ ಇದೆ, ಅದು ಟೈಖ್. ನನಗೆ ಎರಡೂ ಕಲಸಿಹೋಗತ್ತೆ” ಎಂದಳು. ಕಲಸಿಹೋಗುವುದು ನ್ಯಾಯವೇ. ಜರ್ಮನ್ನಿನ ಡೈಖ್, ಟೈಖ್ ಎರಡೂ ಒಂದೇ ಹಳೆಯ ಪದದ ಮಕ್ಕಳು; ಒಂದು ಏರಿಯಾಯಿತು, ಇನ್ನೊಂದು ಕೊಳವಾಯಿತು. ಡಚ್ಚರಲ್ಲಿ ಅದೇ ಪದ ಡೈಕ್, ಅರ್ಥ ಏರಿ. ಇಂಗ್ಲಿಷಿನಲ್ಲಿ ಅದು ನಮ್ಮ ಕೆರೆ-ಸೆರೆಯಂತೆಯೇ ಎರಡಾಗಿ ಒಡೆಯಿತು. ಉತ್ತರದವರ ‘ಕ’ಕಾರ ಉಳಿದು ಡೈಕ್, ಅಂದರೆ ಏರಿ; ದಕ್ಷಿಣದವರ ಬಾಯಲ್ಲಿ ‘ಚ’ಕಾರವಾಗಿ ಡಿಚ್, ಅಂದರೆ ಹಳ್ಳ, ಚರಂಡಿ. ಮಣ್ಣು ಅಗೆದು ಪಕ್ಕಕ್ಕೆ ಹಾಕಿದಾಗ ಹಳ್ಳವೂ ದಿಬ್ಬವೂ ಒಟ್ಟಿಗೇ ಹುಟ್ಟುತ್ತವೆ. ಯಾವುದಕ್ಕೆ ಹೆಸರಿಟ್ಟರೂ ಇನ್ನೊಂದಕ್ಕೂ ತಗಲುತ್ತದೆ.

ನಮ್ಮ ಏರಿಗೂ ಇದೇ ಆಗಿದೆ. ಕನ್ನಡದಲ್ಲಿ ಏರಿ ಎಂದರೆ ಕೆರೆಯ ದಂಡೆ. ಗಡಿ ದಾಟಿ ತಮಿಳುನಾಡಿಗೆ ಹೋಗಿ ಏರಿ ಎಂದರೆ ಅವರು ಕೆರೆಯನ್ನೇ ತೋರಿಸುತ್ತಾರೆ. ಎಲ್ಲೋ ಇರುವ ಜರ್ಮನರು, ಇಲ್ಲಿರುವ ನಾವು, ಯಾರು ಯಾರಿಂದಲೂ ಕಲಿತದ್ದಲ್ಲ. ತಡೆಯನ್ನೂ ತಡೆದು ನಿಲ್ಲಿಸಿದ ನೀರನ್ನೂ ಬೇರೆ ಮಾಡಿ ನೋಡುವುದು ಮನುಷ್ಯನ ಮಾತಿಗೆ ಕಷ್ಟವಾಗಿದೆ ಎಂದಷ್ಟೇ ನಾನು ಅರ್ಥಮಾಡಿಕೊಂಡೆ. ಆದರೆ ಒಂದು ವ್ಯತ್ಯಾಸವಿದೆ. ಅವರ ಪದ ಏರಿ, ಹಳ್ಳ, ಕೊಳಗಳಲ್ಲೇ ಸುತ್ತಿತು. ನಮ್ಮ ಪದ ಮಾತ್ರ ಮನುಷ್ಯರ ಹತ್ತಿರ ಬಂದು ಬಾಗಿಲು ಹಾಕಿತು.

ಯಾವ ಮನುಷ್ಯರ ಹತ್ತಿರ? ತಿರುಕ್ಕುಱಳಿನ 57ನೆಯ ಕುಱಳಿನಲ್ಲಿ ಈ ಚಿಱೈ ಪದ ಬರುತ್ತದೆ. ಅಲ್ಲಿನ ಮಾತು ಹೆಂಗಸರ ಕಾವಲಿನದು. ಸೆರೆಯಲ್ಲಿಟ್ಟು ಕಾಯುವುದರಿಂದ ಏನಾಗುತ್ತದೆ, ಹೆಂಗಸು ತನ್ನನ್ನು ತಾನು ಕಾಯ್ದುಕೊಳ್ಳುವುದೇ ಹೆಚ್ಚಿನದು ಎಂಬ ಭಾವ. ಇದನ್ನು ನಮ್ಮ ಪರವಾದ ಮಾತೆಂದು ಹಲವರು ಹೊಗಳುತ್ತಾರೆ. ಇರಬಹುದು. ನನಗೆ ಕಂಡದ್ದು, ಕಾವಲು ಬೇಕೇ ಬೇಡವೇ ಎಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ ಎಂಬುದು. ಏರಿಯನ್ನು ಹೊರಗೆ ಹಾಕುವುದೋ ಒಳಗೆ ಹಾಕುವುದೋ ಎಂಬಷ್ಟೇ ಚರ್ಚೆ.

ಈಗ ‘ಕೆರೆಗೆ ಹಾರ’ಕ್ಕೆ ಮರಳಿ ಬರೋಣ. ಅದನ್ನು ತ್ಯಾಗದ ಹಾಡು ಎನ್ನುವವರು ಹಾಡನ್ನು ಪೂರ್ತಿ ಕೇಳಿಲ್ಲ ಎಂದೇ ನನ್ನ ದೂರು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಗಮನಿಸಿ, ಹಾಡುವ ಹೆಂಗಸರಿಗೂ ನಮ್ಮತ್ತೆಗೆ ಗೊತ್ತಿದ್ದದ್ದು ಗೊತ್ತಿದೆ. ಹನಿ ನೀರು ನಿಲ್ಲುವುದಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರೆ ಸೊಸೆಯನ್ನು ಕೊಡಬೇಕು ಎಂದು ಬರುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು? ಆದ್ದರಿಂದ ಕಿರಿಯವಳು. ಲೆಕ್ಕ ಮುಗಿಯಿತು. ಈ ಮಾತುಕತೆಯಲ್ಲಿ ಭಾಗೀರಥಿ ಎಲ್ಲಿದ್ದಾಳೆ? ಅವಳನ್ನು ಯಾರೂ ಕೇಳುವುದಿಲ್ಲ. ಕೇಳದೆ ತೆಗೆದುಕೊಂಡದ್ದಕ್ಕೆ ತ್ಯಾಗ ಎನ್ನುವುದಾದರೆ, ನಮ್ಮ ಮನೆಗೆ ಕಳ್ಳ ಬಂದಾಗ ನಾನು ಬೆಳ್ಳಿ ಲೋಟ ದಾನ ಮಾಡಿದೆ ಎನ್ನಬೇಕಾಗುತ್ತದೆ.

ಇಡೀ ಹಾಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಜಾಗ ಅವಳು ತವರಿಗೆ ಹೋಗುವುದು. ಅಪ್ಪ ಯಾಕಮ್ಮ ಮುಖ ಬಾಡಿದೆ ಎನ್ನುತ್ತಾನೆ. ಅತ್ತೆಮಾವ ಬೇರೆ ಇಡುತ್ತಾರಂತೆ ಎಂದು ಅವಳು ಸುಳ್ಳು ಹೇಳುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ನಾನು ಕೊಡುತ್ತೇನೆ ಎನ್ನುತ್ತಾನೆ ಅಪ್ಪ. ಅವ್ವನಿಗೂ ಅದೇ ಸುಳ್ಳು. ಅವ್ವ ಒಡವೆ ಕೊಡುತ್ತೇನೆ ಎನ್ನುತ್ತಾಳೆ. ಅವರು ಕೆಟ್ಟವರಲ್ಲ. ಮಗಳ ಕಷ್ಟ ಎಂದರೆ ಹೊಲ, ಮನೆ, ಒಡವೆ ಎಂದಷ್ಟೇ ಅವರಿಗೆ ತೋಚುತ್ತದೆ. ನಿಜವನ್ನು ಅವಳು ಹೇಳುವುದು ಗೆಳತಿಗೆ ಮಾತ್ರ. ಆ ಗೆಳತಿ ಏನು ಹೇಳುತ್ತಾಳೆ? ಓಡು ಎನ್ನುವುದಿಲ್ಲ. ನಿಮ್ಮಪ್ಪನಿಗೆ ಹೇಳುತ್ತೇನೆ ಎನ್ನುವುದಿಲ್ಲ. ಕೊಟ್ಟರೆ ಕೊಡಲಿ, ಅವರು ಇಟ್ಟುಕೊಂಡ ಹಾಗೆ ನಾವು ಇರುವುದು ಎಂಬ ಅರ್ಥದ ಮಾತಾಡುತ್ತಾಳೆ.

ಹಿಂದೆ ಈ ಗೆಳತಿಯ ಮೇಲೆ ನನಗೆ ಬಹಳ ಕೋಪವಿತ್ತು. ಪದದ ಮೂಲ ತಿಳಿದ ಮೇಲೆ ಅವಳ ಮಾತು ಬೇರೆ ರೀತಿ ಕೇಳಿಸತೊಡಗಿದೆ. ಇಟ್ಟ ಹಾಗೆ ಇರುವುದು ಯಾವುದು? ಕೆರೆಯ ನೀರು. ಸೆರೆಯ ಜೀವ. ನಿಘಂಟು ತೆರೆಯದೆ, ಱಕಾರ ಚಕಾರಗಳ ಗೊಡವೆಯಿಲ್ಲದೆ, ಹಾಡು ಎರಡು ಪದಗಳನ್ನೂ ಒಂದೇ ಕಡೆ ತಂದು ನಿಲ್ಲಿಸಿದೆ. ಗೆಳತಿ ಬುದ್ಧಿ ಹೇಳುತ್ತಿಲ್ಲ, ಇಬ್ಬರೂ ಎಲ್ಲಿದ್ದೇವೆ ಎಂಬುದನ್ನು ಹೇಳುತ್ತಿದ್ದಾಳೆ. ಆಮೇಲೆ ದಂಡಿನಿಂದ ಕುದುರೆ ಏರಿ ಬಂದ ಗಂಡ ಮಾದೇವರಾಯನಿಗೆ ಅತ್ತೆಮಾವ ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ, ತವರಿನವರು ಗೆಳತಿಯ ಮನೆಗೆ ಎನ್ನುತ್ತಾರೆ. ಕೊನೆಗೆ ಬಾಯಿಬಿಟ್ಟು ನಿಜ ಹೇಳುವವಳು ಆ ಗೆಳತಿಯೇ. ಇದನ್ನು ಭಾಷಣಕಾರರು ಯಾರೂ ಹೇಳುವುದಿಲ್ಲ.

ಕೆರೆಯ ದಡದ ಸನ್ನಿವೇಶವೂ ಹಾಗೆಯೇ. ಪೂಜೆಯಾಯಿತು, ಊಟವಾಯಿತು, ಎಲ್ಲರೂ ಹೊರಟರು, ಬಂಗಾರದ ಬಟ್ಟಲು ಮರೆತು ಬಂತು. ತರಲು ಕಿರಿಯ ಸೊಸೆ ಹೋಗಬೇಕು. ಕೈಕಾಲು ಕಟ್ಟಿ ಎಸೆಯುವುದಿಲ್ಲ, ಒಂದು ಮನೆಗೆಲಸ ಹೇಳಿ ಕಳಿಸುತ್ತಾರೆ! ಒಂದೊಂದು ಮೆಟ್ಟಿಲಿಗೂ ನೀರು ಮೇಲೇರುತ್ತದೆ. ಬಾಲ್ಕನ್ ಸೀಮೆಯ ಸ್ಕದರ್ ಕೋಟೆಯ ಹಾಡಿನಲ್ಲೂ ಹೀಗೆಯೇ, ಮೂವರು ಅಣ್ಣತಮ್ಮಂದಿರಲ್ಲಿ ಕಿರಿಯವನ ಹೆಂಡತಿ ಕೆಲಸದವರಿಗೆ ಊಟ ತಂದಾಗ ಅವಳನ್ನು ಗೋಡೆಯೊಳಗೆ ಇಟ್ಟು ಕಟ್ಟುತ್ತಾರೆ. ಕೂಸಿಗೆ ಹಾಲೂಡಿಸಲು ಎದೆಯ ಬಳಿ ಕಿಂಡಿ ಬಿಡಿ ಎಂದು ಅವಳು ಬೇಡಿಕೊಳ್ಳುತ್ತಾಳೆ. ಅಲ್ಲಿಯೂ ಕಿರಿಯವಳು, ಅಲ್ಲಿಯೂ ಊಟದ ಹೊತ್ತು. ಅಲ್ಲಿ ಗೋಡೆ ನಿಲ್ಲಬೇಕಿತ್ತು, ಇಲ್ಲಿ ನೀರು.

ಕುಣಿಗಲ್ ಕೆರೆಗೂ ಒಂದು ಹಾಡಿದೆಯಲ್ಲ, ಎಲ್ಲರ ಬಾಯಲ್ಲೂ ಇರುವುದು. ನನಗೂ ಇಷ್ಟ, ಅಡುಗೆಮನೆಯಲ್ಲಿ ಗುನುಗುತ್ತೇನೆ. ಅದು ಏರಿಯ ಮೇಲೆ ನಿಂತು ನೋಡುವವರ ಹಾಡು, ನೋಡುವವರಿಗೆ ಕೆರೆ ಭೋಗವೇ. ‘ಕೆರೆಗೆ ಹಾರ’ ಕೆರೆಯ ಅಂಗಳದಲ್ಲಿ ನಿಂತವಳ ಹಾಡು. ಎರಡನ್ನೂ ಒಂದೇ ಮಧ್ಯಾಹ್ನ ಹಾಡಿಸಿದರೆ ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ.

ಇಷ್ಟೆಲ್ಲ ಹೇಳಿದೆನೆಂದು ನನಗೆ ಕೆರೆಯ ಮೇಲೆ ಮುನಿಸಿಲ್ಲ. ಕೆರೆ ಇಲ್ಲದೆ ಈ ಸೀಮೆಯಲ್ಲಿ ಬದುಕೇ ಇಲ್ಲ. ತುಮಕೂರಿನಿಂದ ಗುಬ್ಬಿಗೆ ಹೋಗುವ ದಾರಿಯ ಊರುಗಳ ಹೆಸರು ನೋಡಿ, ಭೀಮಸಂದ್ರ, ಮಲ್ಲಸಂದ್ರ. ಈ ಸಂದ್ರವೆಂಬುದು ಸಮುದ್ರ. ಕಟ್ಟಿಸಿದವರು ಹೆಮ್ಮೆಯಿಂದ ಸಮುದ್ರ ಎಂದು ಹೆಸರಿಟ್ಟರು, ನೀರು ಹೊತ್ತವರು ಕೆರೆ ಎಂದರು. ನಮ್ಮ ತುಮಕೂರಿನ ಅಮಾನಿಕೆರೆಯ ‘ಅಮಾನಿ’ಯೂ ಹಿಡಿದಿಟ್ಟುಕೊಂಡದ್ದೇ. ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ಇಟ್ಟುಕೊಂಡ ಆಸ್ತಿ ಎಂದು ಅರ್ಥ. ನೌಕರರನ್ನು ಅಮಾನತ್ತಿನಲ್ಲಿ ಇಡುತ್ತಾರಲ್ಲ, ಅದೂ ಇದೇ ಬಳಗದ ಅರಬ್ಬಿ ಪದ. ನೀರನ್ನು ಯಾರು ಹಿಡಿದಿಟ್ಟುಕೊಳ್ಳಬೇಕು ಎಂಬ ಜಗಳವಂತೂ ಹಳತಾಗುವುದೇ ಇಲ್ಲ. ಹೇಮಾವತಿಯ ನೀರನ್ನು ಕುಣಿಗಲ್ ಕಡೆಗೆ ನೇರವಾಗಿ ಒಯ್ಯುವ ಲಿಂಕ್ ಕಾಲುವೆಯ ವಿರುದ್ಧ 2024, 2025ರಲ್ಲಿ ಗುಬ್ಬಿಯ ಕಡೆಯವರು ಬೀದಿಗಿಳಿದಾಗ ನನ್ನ ತಮ್ಮ ಫೋನಿನಲ್ಲಿ, “ಅಕ್ಕ, ನೀನೀಗ ಯಾವ ಕಡೆ?” ಎಂದು ನಗೆಯಾಡಿದ. ತವರು ಗುಬ್ಬಿ, ಕೊಟ್ಟ ಮನೆ ಕುಣಿಗಲ್. ಮೈದುನನೂ ಇದನ್ನೇ ಕೇಳಿದ್ದರಿಂದ ಇಬ್ಬರಿಗೂ ಅಡುಗೆ ಸೀಯುತ್ತಿದೆ ಎಂದು ಹೇಳಿ ಫೋನಿಟ್ಟೆ.

ಹಂಪಿಯಲ್ಲಿ 15ನೆಯ ಶತಮಾನದ ಆರಂಭದ ಒಂದು ಶಾಸನವಿದೆ, ವಿಜಯನಗರದ ಮಂತ್ರಿ ಲಕ್ಷ್ಮೀಧರನದು. ಅವನ ತಾಯಿ ಅವನಿಗೆ ಹಾಲೂಡಿಸುವಾಗಲೇ ಕಿವಿಯಲ್ಲಿ ಕೆಲವು ಮಾತು ಹೇಳಿದ್ದಳಂತೆ. ಮೊದಲ ಮಾತೇ ಕೆರೆ ಕಟ್ಟಿಸು ಎಂದು. ಅಲ್ಲಿಯೂ ಕಟ್ಟಿಸುವುದೇ, ತೋಡಿಸುವುದಲ್ಲ. ಆಮೇಲೆ ಬಾವಿ, ದೇಗುಲ. ಅದರ ಬೆನ್ನಿಗೇ, ಸಿಕ್ಕಿಬಿದ್ದ ಅನಾಥರನ್ನು ಬಿಡಿಸು ಎಂದು. ಕೆರೆ ಕಟ್ಟುವುದೂ ಸೆರೆ ಬಿಡಿಸುವುದೂ ಒಂದೇ ಉಸಿರಿನಲ್ಲಿ. ಮಲ್ಲನಗೌಡನ ಮನೆಯಲ್ಲಿ ಈ ಎರಡನೆಯ ಮಾತನ್ನು ಯಾರೂ ಯಾರ ಕಿವಿಯಲ್ಲೂ ಹೇಳಿರಲಿಲ್ಲ.

ಸಮಾಜದಲ್ಲಿ ಹಾಡಿದಾಕೆ ಮೊನ್ನೆ ತರಕಾರಿ ಅಂಗಡಿಯಲ್ಲಿ ಸಿಕ್ಕಿದ್ದರು. ಇದನ್ನೆಲ್ಲ ಅವರಿಗೆ ಹೇಳಿದೆ, ಅವರು ಬೀನ್ಸ್ ಆರಿಸುತ್ತ ಕೇಳಿಸಿಕೊಂಡರು. “ಹಾಗಾದ್ರೆ ಮುಂದಿನ ಸಲ ಆ ಶಾಸನದ ಪದ್ಯಾನೂ ಹಾಡೋಣ ಕಣ್ರೀ. ಭಾಗೀರಥಿ ಹಾಡಿಗೆ ಮುಂಚೆಯೋ, ಆಮೇಲೋ?” ಎಂದರು. ತೂಕವಾದ ಚೀಲ ಕೈಗೆ ಬರುವವರೆಗೂ ಯೋಚಿಸಿದೆವು. ಇನ್ನೂ ತೀರ್ಮಾನವಾಗಿಲ್ಲ.